ಬಿದ್ದಾಗ ಆಕಿ ಕಾಲ್ಗುಣ, ಎದ್ದಾಗ ನನ್ನ ಕೈಗುಣ

ಸರ್ವರ್ ರಿಪೇರಿ ಮಾಡೋರ ನಸೀಬಿನಾಗ ಇಂಥಾವು ತಪ್ಪಿದ್ದಲ್ಲ. ಹೈದರಾಬಾದಿನಾಗ ಟ್ರಾಫಿಕ್ ಒಂದಿನ ತಪ್ಪೀತು, ಇವು ತಪ್ಪಂಗಿಲ್ಲ. ಒಬ್ಬ ಗಿರಾಕಿ ಬಿರಿಯಾನಿ ಪಾರ್ಸಲ್ ಆರಬಾರದಂತ ದಿನಾ ಸರ್ವರ್ ಮ್ಯಾಲ ಇಡ್ತಿದ್ದ. ಇನ್ನೊಬ್ಬ ಪಾಸ್‌ವರ್ಡ್ ಗೊತ್ತಿಲ್ಲಂತ, ಅದನ್ನ ಹಾಕಿ ನೌಕರಿ ಬಿಟ್ಟು ಹೋದಾಂವನ ಲಗ್ನಕ್ಕ ಹೋಗಿ, ಅಕ್ಕಿಕಾಳು ಹಾಕಿ, ಮದುಮಗನ ಕಿವ್ಯಾಗ ಕೇಳ್ಕೊಂಡು ಬಂದ. ಇಂಥಾವು ಹೇಳಿದ್ರ ನೀವು ನಗ್ತೀರಿ, ನಾನೂ ನಗ್ತೀನಿ. ಆದ್ರ ಶಂಶಾಬಾದಿನಾಗ ಒಂದು ಸರ್ವರ್ ಇತ್ತು. ಅದರ ಸುದ್ದಿ ತಗದ್ರ ನಗೂ ಬರ್ತೈತಿ, ನಗೂ ಹಿಂದ ಇನ್ನೊಂದೇನೋ ಬರ್ತೈತಿ. ಆ ಎರಡನೇದಕ್ಕ ನನ್ನ ಕಡೆ ಸ್ಕ್ರೂಡ್ರೈವರ್ ಇಲ್ಲ.

ತಲಿ ಐತ್ರಿ

ಗಚ್ಚಿಬೌಲಿ ಗಾಜಿನ ಬಿಲ್ಡಿಂಗ್ ಹಿಂದ, ಪಾನ್ ಅಂಗಡಿ ಮ್ಯಾಲಿನ ಮಹಡಿಯೊಳಗ ನಮ್ಮ ಸರ್ವಿಸ್ ಅಂಗಡಿ. ಕಂಪನಿಗಳ ಸರ್ವರ್ ಕೆಟ್ರ ನಾವು ಹೋಗಿ ಎಬ್ಬಸ್ತೀವಿ. ಸರ್ವರ್ ಅಂದ್ರ ಮತ್ತೇನಿಲ್ಲ, ಆಫೀಸಿನ ಕಂಪ್ಯೂಟರಿಗೆಲ್ಲಾ ದೊಡ್ಡಪ್ಪ. ಎಲ್ಲಾರ ಕೆಲಸಾನೂ ಅದರ ಹೊಟ್ಟ್ಯಾಗ. ದೊಡ್ಡಪ್ಪ ಮಲಗಿದ್ರ ಮನಿಮಂದಿಗೆಲ್ಲಾ ಉಪಾಸ.

ನಮ್ಮಪ್ಪ ಇಲ್ಲೆ ಸೆಂಟ್ರಲ್ ಗೌರ್ಮೆಂಟ್ ಕಾರ್ಖಾನ್ಯಾಗ ಇದ್ದ. ರಿಟೈರ್ ಆದದ್ದೇ ತಡ, ಅವ್ವನ್ನ ಕರ್ಕೊಂಡು ಕಲಬುರಗಿಗೆ ಹೋಗಿಬಿಟ್ಟ. ಅಲ್ಲಿ ಇಬ್ಬರೂ ದಿನಾ ಸಂಜಿಮುಂದ ಕಟ್ಟಿ ಮ್ಯಾಲ ಕುಂತು ಮಂದಿ ಜೋಡಿ ಹರಟಿ ಹೊಡಕೊಂಡು ಮಸ್ತ ಅದಾರ. ನಮ್ಮ ಮನ್ಯಾಗಿನ ಕನ್ನಡ ಅವರ ಸಾಮಾನಿನ ಜೋಡಿ ಲಾರಿ ಹತ್ತಿ ಹೋತು. ನನಗ ಉಳಿದದ್ದು ಅಂಗಡ್ಯಾಗ ದಖನಿ ಉರ್ದು, ರಸ್ತೆದಾಗ ತೆಲುಗು, ಖೋಲ್ಯಾಗ ಒಂದು ಫ್ಯಾನು. ಫ್ಯಾನು ಕಿರ್ರ್ ಅಂತೈತಿ. ಅದು ಯಾವ ಊರ ಭಾಷಾನೋ ದೇವರಿಗೇ ಗೊತ್ತು.

ಹಿಂಗಿರಬೇಕಾದ್ರ ಒಂದಿನ ಮುಂಜಾನೆ ಶಂಶಾಬಾದಿನಿಂದ ಫೋನ್. ಹುಡಿಗಿ ದನಿ, ಹರುಕು ತೆಲುಗು. "ಸರ್ವರ್ ಪಡಿಪೋಯಿಂದಂಡಿ, ಸ್ಕ್ರೀನ್ ಅಂತಾ ಬ್ಲೂ" ಅಂದ್ಲು. ಸರ್ವರ್ ಬಿದ್ದೈತಿ, ಪರದೆ ನೀಲಿ ಆಗೈತಿ ಅಂತ. ನಾನೂ ತೆಲುಗಿನಾಗ ಶುರು ಮಾಡಿದೆ. ಲೈಟ್ ಹತ್ತೈತೇನು? ಯಾವ ಬಣ್ಣ? ಮಿಣಕ್ ಮಿಣಕ್ ಅಂತೈತೋ, ಸುಮ್ಮನ ಹತ್ತೈತೋ? ನಮ್ಮ ಧಂದೆದಾಗ ಒಂದ ಪ್ರಶ್ನೆ ಹೊಳ್ಳಿ ಹೊಳ್ಳಿ ಕೇಳೋದು ಪದ್ಧತಿ. ಅಷ್ಟರಾಗ ನಮಗ ಉತ್ತರ ಹೊಳಿಲಿ ಅಂತ.

ಆಕಿ ಫೋನಿನ ಬಾಯಿಗೆ ಕೈ ಮುಚ್ಚಿಕೊಂಡು, ಖರೇ ಅಂದ್ರ ಅರ್ಧಾ ಮುಚ್ಚಿಕೊಂಡು, ತನ್ನಷ್ಟಕ್ಕ ತಾ ಅಂದ್ಲು: "ಎಂಥಾ ಮಂದಿ ಅದಾರಪಾ! ಕೇಳಿದ್ದ ಕೇಳಾಕತ್ಯಾನ. ಇಂವಗ ತಲಿ ಐತೋ ಇಲ್ಲೋ!"

"ಐತ್ರಿ," ಅಂದೆ ನಾನು. "ಭಾಳ ಉಪಯೋಗ ಇಲ್ಲ, ಅಷ್ಟ."

ಆ ಕಡೆ ಏನೋ ಕೈಜಾರಿ ಬಿದ್ದ ಸಪ್ಪಳ. ಆಮ್ಯಾಲ, "ಅಯ್ಯ ಶಿವನ! ನಮ್ಮ ಕಡೆಯವರೇನ್ರಿ?"

"ಕಲಬುರಗಿ ಕಡೆ. ನೀವು?"

"ರಾಯಚೂರ್ರಿ."

ಅಲ್ಲಿಂದ ರಾಯಚೂರ ಬಿಸಲೋ ಕಲಬುರಗಿ ಬಿಸಲೋ ಅಂತ ವಾದ ಹತ್ತಿತು. ಸರ್ವರ್ ಬಿದ್ದದ್ದು ಇಬ್ಬರಿಗೂ ನೆನಪಾದದ್ದು, ಆಕಿ ಹಿಂದ ನಿಂತು ಅವರ ಮ್ಯಾನೇಜರ್ ಒದರಿದಾಗ.

ಕಾಲ್ಗುಣ

ಆ ಆಫೀಸು ಏರ್‌ಪೋರ್ಟ್ ಬಾಜೂಕ. ಮಾವಿನಹಣ್ಣು, ಹೂವು, ಔಷಧಿ ವಿಮಾನಕ್ಕ ಹಾಕಿ ಕಳಸೋ ಕೆಲಸ. ರಾಯಚೂರಿನಾಕಿ ಬಿಲ್ ಮಾಡ್ತಿದ್ಲು. ಸರ್ವರ್ ಬಿದ್ರ ಬಿಲ್ ಇಲ್ಲ, ಬಿಲ್ ಇಲ್ಲಂದ್ರ ಗೇಟ್ ತಗಿಯಂಗಿಲ್ಲ. ನಾ ಹೋದಾಗ ಹೊರಗ ಲಾರಿ ಸಾಲು, ಒಳಗ ಮಾವಿನ ವಾಸನಿ, ನಡುವ ತಲಿ ಹಿಡಕೊಂಡ ಮ್ಯಾನೇಜರು.

ಸರ್ವರಿನ ಬಟನ್ ಒತ್ತಿ ಹಿಡಿದೆ, ಆರಿತು. ಇನ್ನೊಮ್ಮೆ ಒತ್ತಿದೆ, ಎದ್ದಿತು. ಅಷ್ಟ. ಇದಕ್ಕ ದೊಡ್ಡ ವಿದ್ಯೆ ಬೇಕಿಲ್ಲ, ಒತ್ತಿ ಹಿಡಿಯೋ ತಾಳ್ಮಿ ಬೇಕು. ಆದ್ರ ಮ್ಯಾನೇಜರ್ ನನ್ನ ಕೈ ಹಿಡಕೊಂಡು ಕಣ್ಣಿಗೆ ಒತ್ತಿಕೊಳ್ಳೋದೊಂದು ಬಾಕಿ. "ನೀ ಹಸ್ತವಾಸಿ ಮಂಚಿದಿ ಬಾಬೂ!" ಅಂದ. ನಿನ್ನ ಕೈಗುಣ ಚಲೋ ಐತಿ ಅಂತ. ಆಮ್ಯಾಲ ದನಿ ಇಳಿಸಿ, ಬಿಲ್ ಮಾಡಾಕಿ ಕಡೆ ಕಣ್ಣು ಮಾಡಿ, "ಆ ಅಮ್ಮಾಯಿ ಪಾದಂ ಮಂಚಿದಿ ಕಾದು" ಅಂದ.

ಆ ಹುಡಿಗಿ ಕಾಲ್ಗುಣ ಚಲೋ ಇಲ್ಲಂತ! ಅದಕ್ಕ ಅಂವನ ಕಡೆ ಪುರಾವೆ ಇತ್ತು. ಈ ಹೊಸ ಸರ್ವರ್ ಬಂದ ವಾರಾನ ಆಕಿ ನೌಕರಿಗೆ ಬಂದಾಳ. ದಿನಾ ಮುಂಜಾನೆ ಆಕಿ ಒಳಗ ಬಂದು ಕುಂತಳು ಅಂದ್ರ ಸ್ವಲ್ಪ ಹೊತ್ತಿನಾಗ ಸರ್ವರ್ ನೀಲಿ. ರವಿವಾರ ಆಕಿಗೆ ಸೂಟಿ, ಸರ್ವರ್ ಆರಾಮ. "ಈ ತಿಂಗಳು ನೋಡ್ತೀನಿ. ನಿಲ್ಲಲಿಲ್ಲಂದ್ರ ಆಕಿನ್ನ ಊರಿಗೆ ಕಳಸ್ತೀನಿ. ನಾ ಕೆಟ್ಟಾಂವ ಅಲ್ಲ, ಆದ್ರ ಮಾವಿನಹಣ್ಣಿಗೆ ಇದೆಲ್ಲಾ ತಿಳಿಯಂಗಿಲ್ಲ, ಕೊಳೀತಾವು," ಅಂದ.

ಆಕಿ ನನ್ನನ್ನ ಗೇಟಿನತನಕಾ ಬಿಡಾಕ ಬಂದ್ಲು. ನಗಿ ಇಲ್ಲ. "ಅವ್ವನ್ನ ಒಪ್ಪಿಸಿ ಈ ಊರಿಗೆ ಬರೋದರಾಗ ನನಗ ಸಾಕಾಗಿತ್ರಿ. ಈಗ ಹೊಳ್ಳಿ ಹೋದ್ರ ಆಕಿ ಮತ್ತ ಹೊಸ್ತಿಲಾ ದಾಟಾಕ ಬಿಡಂಗಿಲ್ಲ. ಅದೂ ನೌಕರಿ ಹೋತಂತ ಹೋದ್ರ ಒಂದು ಮಾತು, ಕಾಲ್ಗುಣ ಚಲೋ ಇಲ್ಲಂತ ಅನ್ನಿಸಿಕೊಂಡು ಹೋದ್ರ? ಊರಾಗ ಯಾರೂ ಅರಿಷಿಣ ಕುಂಕುಮಕ್ಕ ಸುದ್ದಾ ಕರಿಯಂಗಿಲ್ಲ."

ಆಮ್ಯಾಲ ಕಣ್ಣು ಒರಸಿಕೊಂಡು ಅಂದ್ಲು: "ನಿಮ್ಮದು ಕೈಗುಣ, ನಂದು ಕಾಲ್ಗುಣ. ಇಬ್ಬರೂ ಒಂದ ಆಫೀಸಿನಾಗ ಇದ್ದಿದ್ರ ಲೆಕ್ಕ ಸಮಾ ಆಗ್ತಿತ್ತು ನೋಡ್ರಿ."

ಮೈಯಾಗ ಝುಂ ಅಂತು. ಸರ್ವರ್ ಖೋಲಿ ಎಸಿ ಥಂಡಿ ಇರಬೇಕು ಅಂದ್ಕೊಂಡೆ. ಆಮ್ಯಾಲ ನೋಡ್ತೀನಿ, ನಾವು ನಿಂತದ್ದು ಮೇ ತಿಂಗಳ ಬಿಸಲಾಗ, ಲಾರಿ ಇಂಜಿನ್ ಮುಂದ.

ಹಾರಿ ಬರೋದೊಂದು ಬಾಕಿ

ಮ್ಯಾನೇಜರ್ ಒಬ್ಬ ವಾಸ್ತು ನೋಡಾಂವನ್ನ ಕರಿಸಿದ. ಅಂವ ಸರ್ವರಿಗೆ ಪ್ರದಕ್ಷಿಣೆ ಹಾಕಿ, ಮಾರಿ ದಕ್ಷಿಣ ದಿಕ್ಕಿಗೈತಿ, ಪೂರ್ವಕ್ಕ ತಿರಗಸ್ರಿ ಅಂದ. ತಿರಗಿಸಿದ್ವಿ. ಸರ್ವರಿನ ಬೆನ್ನಿಂದ ಬಿಸಿ ಗಾಳಿ ಬರ್ತೈತಿ, ಆ ಬೆನ್ನು ಈಗ ಬರೋಬ್ಬರಿ ಮ್ಯಾನೇಜರ್ ಕ್ಯಾಬಿನ್ ಕಡೆ ಆತು. ಮರುದಿನದಿಂದ ಅಂವ ಅಂಗಿ ಗುಂಡಿ ಬಿಚ್ಚಿ, ಪಂಚಾಂಗದಿಂದ ಗಾಳಿ ಹಾಕ್ಕೊಂತ ಕೂಡಾಕತ್ತಿದ. ಹೊಳ್ಳಿ ತಿರಗಿಸೋಣೇನ್ರಿ ಅಂದ್ರ, "ಶುಭಕಾರ್ಯದಾಗ ಸ್ವಲ್ಪ ಬೆವರಬೇಕು" ಅಂದ.

ಅದರ ಮ್ಯಾಲ ನಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದ. ಸಾಲಲಿಲ್ಲಂತ ಒಂದು ದೊಡ್ಡ ಬೂದಗುಂಬಳಕಾಯಿಗೆ ಕುಂಕುಮ ಹಚ್ಚಿ ತೂಗು ಹಾಕಿದ. ಬ್ಯಾರೆ ಕಡೆ ಕುಂಬಳಕಾಯಿ ಬಾಗಲಾಗ ತೂಗ್ತಾವು, ಬಿಸಲಿಗೆ ಬಾಡ್ತಾವು. ಇದು ಎಸಿಯೊಳಗ ತಂಪಾಗಿ ಸಾಹುಕಾರನಂಗ ತೂಗಾಡಿಕೋಂತ ಇತ್ತು. ಸರ್ವರ್ ಮಾತ್ರ ಅದರ ಕೆಳಗ ದಿನಾ ಬೀಳತಿತ್ತು.

ನಾ ಮುಂದಿನ ಸಲ ಹೋದಾಗ ರಾಯಚೂರಿನಾಕಿ ಕುರ್ಚ್ಯಾಗ ಗಂಟು ಮಾರಿ ಹಾಕ್ಕೊಂಡು ಕುಂತಿದ್ಲು. "ಏನಾತ್ರಿ?" ಅಂದೆ.

"ಬಲಗಾಲಿಟ್ಟು ಬಾ ಅಂದ್ರು, ಬಂದೆ, ಬಿತ್ತು. ಚಪ್ಪಲಿ ಗೇಟಿನಾಗ ಬಿಟ್ಟು ಬಾ ಅಂದ್ರು, ಬಂದೆ, ಅಂಗಾಲು ಸುಟ್ಟಿತು, ಅದೂ ಬಿತ್ತು. ಹಿತ್ತಲ ಬಾಗಲಿಂದ ಬಂದೆ, ಹಂಗೂ ಬಿತ್ತು. ಇನ್ನ ಕಾಲು ನೆಲಕ್ಕ ಹಚ್ಚದಂಗ ಹಾರಿ ಬರೋದೊಂದು ಬಾಕಿ."

"ಬಾಜೂಕ ಏರ್‌ಪೋರ್ಟ್ ಐತಲ್ರಿ," ಅಂದೆ. "ಕೇಳಿ ನೋಡೋಣು."

ಆ ತಿಂಗಳಾಗ ಆಕಿ ನಕ್ಕದ್ದು ಅದೊಂದ ಸಲ. ನನಗ ವರ್ಷದ ಬೋನಸ್ ಅಲ್ಲೇ ಮುಟ್ಟಿತು.

ಡಬ್ಬಿ ತುಟ್ಟಿ ಮಿಯಾ

ನಮ್ಮ ಅಂಗಡಿ ಮಾಲಕರು ಹೈದರಾಬಾದಿನ ಹಳೇ ಊರಿನವರು, ದಖನಿ ಮಾತು. ಅವರ ವೈದ್ಯ ಒಂದ: ಸಂಶೆ ಬಂದದ್ದನ್ನ ಬದಲ್ ಮಾಡು. "ಬದಲ್ ದೇವ್ ಮಿಯಾ," ಅಂದ್ರು. ಮೆಮೊರಿ ಬದಲ್ ಮಾಡಿದೆ. ಕರೆಂಟಿನ ಡಬ್ಬಿ, ವಾಯರು, ಡಿಸ್ಕು, ಡಿಸ್ಕನ್ನ ಸರ್ವರಿಗೆ ಜೋಡಸೋ ಕಾರ್ಡು ಸುದ್ದಾ ತಗದು ಅಂಥಾದ ಇನ್ನೊಂದು ಹಾಕಿದೆ. ಒಂದೊಂದು ಸಾಮಾನಿಗೂ ಒಂದೊಂದು ಸಲ ಶಂಶಾಬಾದು.

ಖರೇ ಹೇಳ್ತೀನಿ, ಎಲ್ಲಾ ಒಮ್ಮೆ ಒಯ್ಯಬಹುದಿತ್ತಲ್ಲ ಅಂತ ಮಾಲಕರಿಗೂ ಹೊಳಿಲಿಲ್ಲ, ನಾನೂ ಹೊಳಸಾಕ ಹೋಗಲಿಲ್ಲ. ರಿಂಗ್ ರೋಡ್ ಮ್ಯಾಲ ಬಸ್ಸಿನ ಕಿಡಕಿ ಬಾಜೂಕ ಕುಂತು, ಇವತ್ತು ಯಾವ ಮಾತು ತಗಿಬೇಕು ಅಂತ ಮನಸಿನಾಗ ತಾಲೀಮು ನಡಸ್ತಿದ್ದೆ. ಆಕಿ ಡಬ್ಬ್ಯಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತರ್ತಿದ್ಲು. "ತಗೋರಿ, ಇಲ್ಲಿ ಇದರ ಕಿಮ್ಮತ್ತು ಗೊತ್ತಿರಾವರು ನೀವೊಬ್ಬರ," ಅಂತಿದ್ಲು. ನಾ ರೊಟ್ಟಿ ಮುರಿಯೋ ಸಪ್ಪಳ ಕೇಳಿ ಮ್ಯಾನೇಜರ್ ಓಡಿ ಬಂದ ಒಮ್ಮೆ, ಸರ್ವರಿನಾಗ ಏನರೆ ಮುರೀತೇನು ಅಂತ.

ಆದ್ರ ತಿಂಗಳು ಮುಗಿಯಾಕ ಬಂದಿತ್ತು. ರಾತ್ರಿ ಖೋಲ್ಯಾಗ ಮಲಗಿ ಫ್ಯಾನಿನ ಮುಂದ ಲೆಕ್ಕಾ ಹಾಕ್ತಿದ್ದೆ. ಸರ್ವರ್ ಹಿಂಗ ಬೀಳ್ಕೋಂತ ಇದ್ರ ಆಕಿ ಊರಿಗೆ ಹೋಗ್ತಾಳ. ರಿಪೇರಿ ಆದ್ರ ನನಗ ಆ ಕಡೆ ಕೆಲಸಿಲ್ಲ. ಎರಡೂ ಕಡೆ ನನ್ನ ಡಬ್ಬಿ ಖಾಲಿ.

ಅಂಥಾದರಾಗ ಮಾಲಕರು ಒಂದಿನ ಕರೆದು ಕುಂದರಿಸಿ ಚಾ ಕೊಟ್ರು. ಚಾ ಕೊಟ್ರ ಸುದ್ದಿ ಚಲೋ ಇರಂಗಿಲ್ಲ. "ದೇಖೋ ಮಿಯಾ. ಆ ಸರ್ವರಿನಾಗ ಎಲ್ಲಾ ಬದಲ್ ಆತು. ಆಗದ್ದು ಎರಡ. ಒಂದು ಹೊರಗಿನ ಡಬ್ಬಿ. ಇನ್ನೊಂದು ನೀನು. ಈಗ ಒಂದನ್ನ ಬದಲ್ ಮಾಡಬೇಕು."

"ಡಬ್ಬಿ ಮಾಡೋಣ್ರಿ," ಅಂದೆ ಲಗೂನ.

"ಡಬ್ಬಿ ತುಟ್ಟಿ ಮಿಯಾ."

ಮ್ಯಾನೇಜರ್ ಬೂಟು

ಇನ್ನೊಂದ ಸಲ ಅವಕಾಶ ಕೊಡ್ರಿ ಅಂತ ಮಾಲಕರ ಕೈಕಾಲು ಹಿಡಿದು ಶಂಶಾಬಾದಿಗೆ ಹೋದೆ. ದಾರಿ ಹೊಳದದ್ದು ನನಗಲ್ಲ, ರಾಯಚೂರಿನಾಕಿಗೆ.

"ನನ್ನ ಕಾಲಿನ ಮ್ಯಾಲ ಇಷ್ಟು ಮಂದಿ ಕಣ್ಣಿಟ್ಟೀರಿ," ಅಂದ್ಲು, "ನನ್ನ ಕೈ ಯಾರೂ ನೋಡವಲ್ರಿ. ನಿನ್ನೆ ನಾ ಬಂದು ಭಾಳ ಹೊತ್ತು ಚಾ ಕುಡಕೋಂತ ಕುಂತೆ. ಸರ್ವರಿಗೆ ಏನೂ ಆಗಲಿಲ್ಲ. ಹಿಂದಿನ ದಿನದ ಎಲ್ಲಾ ಬಿಲ್ ಒಮ್ಮೆ ತಗಿಯೋ ಬಟನ್ ಒತ್ತಿದೆ ನೋಡ್ರಿ, ಅವಾಗ ಬಿತ್ತು. ದಿನಾ ಮುಂಜಾನೆ ನಾ ಮಾಡೋ ಮೊದಲ ಕೆಲಸ ಅದ."

ನನಗ ತಲಿಯೊಳಗ ಟ್ಯೂಬ್‌ಲೈಟ್ ಹತ್ತಿತು. ಅಷ್ಟೂ ಬಿಲ್ ಒಮ್ಮೆ ತಗದ್ರ ಡಿಸ್ಕಿನ ಮ್ಯಾಲ ಜೋರು ಭಾರ ಬೀಳ್ತೈತಿ. ಭಾರ ಬಿದ್ದಾಗ ಏನೋ ಕೈ ಕೊಡಾಕತ್ತೈತಿ. ಆದ್ರ ಇದನ್ನ ಮ್ಯಾನೇಜರಿಗೆ ಬಾಯಿಲೆ ಹೇಳಿದ್ರ ನಂಬಾಂವ ಅಲ್ಲ. ಅದಕ್ಕ ಮರುದಿನ ಆಕಿಗೆ ರಜಾ ಹಾಕ್ರಿ ಅಂದೆ.

ಆಕಿ ಬರಲಿಲ್ಲ, ಬಟನ್ ಯಾರೂ ಒತ್ತಲಿಲ್ಲ, ಸರ್ವರ್ ಬೀಳಲಿಲ್ಲ. ಮ್ಯಾನೇಜರ್ ಮಾರಿ ಮ್ಯಾಲ ಹಬ್ಬ. "ಚೂಶಾವಾ? ನೋಡಿದೆಯಾ? ನಾ ಹೇಳಿದ್ದಿಲ್ಲ?"

"ಹೌದ್ರಿ ಸರ್. ಆದ್ರ ನಿನ್ನಿನ ಬಿಲ್ ಹಂಗ ಉಳದಾವು. ನಿಮ್ಮ ಕೈಲೆ ಒಮ್ಮೆ ತಗದುಬಿಡ್ರಿ. ನಿಮ್ಮ ಪಾದಕ್ಕೇನು ದೋಷ ಇಲ್ಲಲ್ಲ."

ಅಂವ ಖುಷಿಲೆ ಆಕಿ ಕುರ್ಚ್ಯಾಗ ಕುಂತ. ಬೂಟು ಟಕ್ ಟಕ್ ಅಂತ ನೆಲಕ್ಕ ಬಡಕೋಂತ ಬಟನ್ ಒತ್ತಿದ. ಡಬ್ಬಿ ಫ್ಯಾನು ಗುಂಯ್ ಅಂತು, ಪರದೆ ಒಮ್ಮೆ ತಡವರಿಸಿತು, ನೀಲಿ ಆತು.

ಮ್ಯಾನೇಜರ್ ಪರದೆ ನೋಡಿದ. ತನ್ನ ಬೂಟು ನೋಡಿಕೊಂಡ. ಮತ್ತ ಪರದೆ ನೋಡಿದ. ಆಮ್ಯಾಲ ಯಾರೂ ನೋಡವಲ್ರು ಅಂದ್ಕೊಂಡು, ಮೆಲ್ಲಕ ಎರಡೂ ಕಾಲು ಮ್ಯಾಲ ಎತ್ತಿ ಚಕ್ಕಳಮಕ್ಕಳ ಹಾಕ್ಕೊಂಡು ಕುಂತ.

ಹೊಸಾದಕ್ಕಿಂತ ಹೊಸಾದು

ಸರ್ವರ್ ಸಾಯೋ ಮುಂದ ತನ್ನನ್ನ ಯಾರು ಹೊಡದ್ರು ಅಂತ ಒಂದು ಕಡೆ ಬರದಿಟ್ಟು ಸಾಯ್ತೈತಿ. ಇಷ್ಟು ದಿನ ನಾವು ನಿಂಬಿಹಣ್ಣು ಕಟ್ಟಾಕ, ಸಾಮಾನು ಬದಲ್ ಮಾಡಾಕ ಹತ್ತಿದ್ವಿ, ಅದನ್ನ ಮಾತಾಡಸಾಕ ಯಾರಿಗೂ ಪುರಸೊತ್ತಿರಲಿಲ್ಲ. ತಗದು ಓದಿದ್ರ ಎಲ್ಲಾ ಸಲಾನೂ ಒಂದ ಹೆಸರು: ಡಿಸ್ಕ್ ಕಾರ್ಡಿನ ಡ್ರೈವರ್. ಡ್ರೈವರ್ ಅಂದ್ರ, ಡಿಸ್ಕಿನ ಜೋಡಿ ಹೆಂಗ ಮಾತಾಡಬೇಕು ಅಂತ ಸರ್ವರಿಗೆ ಹೇಳಿಕೊಡೋ ಒಂದು ಸಣ್ಣ ಸಾಫ್ಟ್‌ವೇರ್. ಕಾರ್ಡ್ ಬದಲ್ ಮಾಡಿದ್ರೂ ಅದು ಒಳಗ ಹಂಗ ಕುಂತಿತ್ತು, ಭಾರ ಬಿದ್ದಾಗೆಲ್ಲಾ ತೊದಲತಿತ್ತು.

ಕಾರ್ಡ್ ಮಾಡಿದ ಕಂಪನಿಗೆ ಫೋನ್ ಹಚ್ಚಿದೆ. ಆ ಕಡೆಯಾಂವ ಜೇನಿನಂಗ ಮಾತಾಡಿದ: "ಸರ್, ಎಲ್ಲಾಕಿಂತ ಹೊಸಾ ಡ್ರೈವರ್ ಹಾಕ್ರಿ."

"ಇರೋದು ಎಲ್ಲಾಕಿಂತ ಹೊಸಾದ ಐತ್ರಿ. ಅದ ಬೀಳಾಕತ್ತೈತಿ."

ಸ್ವಲ್ಪ ಹೊತ್ತು ಸಂಗೀತ ಕೇಳಿಸಿದ್ರು. ಹೊಳ್ಳಿ ಬಂದು, "ಹಂಗಾರ ಅದಕ್ಕಿಂತ ಹೊಸಾದು ಬರೋತನಕಾ ಕಾಯ್ರಿ ಸರ್," ಅಂದ.

ಬಾಜೂಕ ನಿಂತಿದ್ದ ರಾಯಚೂರಿನಾಕಿ ಕೇಳಿದ್ಲು, "ಇದಕ್ಕಿಂತ ಹಳೇದು ಇಲ್ಲೇನ್ರಿ?"

ಇತ್ತು. ಹಳೇ ಡ್ರೈವರ್ ಇಳಿಸಿಕೊಂಡು ರೆಡಿ ಮಾಡಿದೆ. ಇನ್ನ ಒಂದು ಸಲ ಒತ್ತಿದ್ರ ಮುಗೀತು. ಬೆರಳು ಅಲ್ಲೇ ನಿಂತಿತು. ಇದನ್ನ ಒತ್ತಿದ್ರ ಆಕಿ ಹೆಸರಿನ ಮ್ಯಾಲಿನ ಮಸಿ ಹೋಗ್ತೈತಿ, ನೌಕರಿ ಉಳೀತೈತಿ, ಮತ್ತ ನಾ ಇಲ್ಲಿಗೆ ಬರೋದು ನಿಲ್ತೈತಿ. ರೊಟ್ಟಿ, ಹಿಂಡಿ, ಬಸ್ಸಿನ ಕಿಡಕಿ, "ಯಾಕ್ರಿ ಲೇಟಾತು" ಅನ್ನೋ ಆ ಮಾತು, ಎಲ್ಲಾ.

"ಯಾಕ ನಿಂತ್ರಿ?" ಅಂದ್ಲು. ಆಕಿಗೂ ಗೊತ್ತಿತ್ತು ಅನಸ್ತೈತಿ. ಪರದೆ ಬಿಟ್ಟು ಕುಂಬಳಕಾಯಿ ನೋಡಾಕತ್ತಿದ್ಲು.

"ಒತ್ತಲೇನ್ರಿ?"

"ಒತ್ರಿ."

ಒತ್ತಿದೆ. ಆಕಿ ಬಿಲ್ ತಗದ್ಲು. ಸರ್ವರ್ ಉಸರು ಬಿಡದಂಗ ನಡೀತು. ಮತ್ತೊಮ್ಮೆ ತಗದ್ಲು. ನಡೀತು. ಮ್ಯಾನೇಜರ್ ಬಂದು ನೋಡಿ, ಆಕಿ ಕಡೆ ತಿರಗಿ, "ಇನ್ನ ಎಲ್ಲಿಗೂ ಹೋಗೋದು ಬ್ಯಾಡಮ್ಮಾ, ತಪ್ಪು ತಿಳಕೊಂಡಿದ್ದೆ," ಅಂದ. ದೊಡ್ಡ ಮನಸು ಅಂತ ನಾವಿಬ್ಬರೂ ಕೈ ಮುಗದ್ವಿ. ಹೊರಗ ಹೋಗಿ ಅಂವ ವಾಸ್ತುದಾಂವಗ ಫೋನ್ ಹಚ್ಚಿದ್ದು ಗೋಡಿ ಹಿಂದಿನಿಂದ ಕೇಳಿಸಿತು: "ಕುಂಬಳಕಾಯಿ ಕೆಲಸ ಮಾಡಿತ್ರಿ! ಸ್ವಲ್ಪ ಟೈಮ್ ತಗೊಂತು, ಅಷ್ಟ."

ತಲಿ ಬಾಚ್ಕೊಳ್ಳೋ ಮೆಕ್ಯಾನಿಕ್

ಆಮ್ಯಾಲಿನ ದಿನಗಳ ಬಗ್ಗೆ ಏನ್ ಹೇಳಲಿ. ಎಲ್ಲಾರ ಸರ್ವರೂ ಬೀಳಾಕತ್ತಿದ್ವು, ಅದೊಂದು ಬಿಟ್ಟು. ಫೋನ್ ಬಡಿದಾಗೆಲ್ಲಾ ಓಡಿ ಹೋಗಿ ಎತ್ತತಿದ್ದೆ. ಮಾದಾಪುರದಾಗ ಪ್ರಿಂಟರ್ ಕೆಟ್ಟೈತಿ, ಮಿಯಾಪುರದಾಗ ಇಲಿ ವಾಯರ್ ಕಡದೈತಿ. ಇಲಿಗೂ ಬುದ್ಧಿ ಇಲ್ಲ ನೋಡ್ರಿ, ಶಂಶಾಬಾದಿನಾಗ ವಾಯರೇ ಇಲ್ಲೇನು?

ಆಕಿಗೆ ನಾನ ಫೋನ್ ಮಾಡಬಹುದಿತ್ತು. ಮಾಡಿ ಏನನ್ನಬೇಕು? ಬಸ್ಸಿನಾಗ ತಾಲೀಮು ಮಾಡಿದ ಮಾತೆಲ್ಲಾ "ಸರ್ವರ್ ಹೆಂಗೈತ್ರಿ" ಅಂತಲೇ ಶುರು ಆಗ್ತಿದ್ವು.

ಒಂದಿನ ಮಾಲಕರು ಫೋನ್ ಕೆಳಗಿಟ್ಟು, "ಶಂಶಾಬಾದಿಂದು ಮತ್ತ ಬಿದ್ದೈತಂತ ಮಿಯಾ," ಅಂತ ಹಣಿ ಬಡಕೊಂಡ್ರು. ನಾ ಅಂಗಡಿ ಹಿಂದಿನ ನಲ್ಲಿಗೆ ಓಡಿದೆ. ಮಾರಿ ತೊಳಕೊಂಡೆ. ಗೋಡಿ ಮ್ಯಾಲಿನ ಒಡದ ಕನ್ನಡ್ಯಾಗ ನೋಡಿಕೊಂಡು ಹಣಗಿ ಆಡಸಾಕತ್ತಿದೆ. ಹಾಡೂ ಗುಣಗುಣಿಸಾಕತ್ತಿದ್ದೆ ಅಂತ ಆಮ್ಯಾಲ ಗೊತ್ತಾತು.

ಮಾಲಕರು ಬಾಗಲಾಗ ನಿಂತು ನೋಡಾಕತ್ತಿದ್ರು. "ಎಷ್ಟೋ ವರ್ಷಾತು ಈ ಧಂದೆಯೊಳಗ ಅದೀನಿ," ಅಂದ್ರು. "ಗಿರಾಕಿ ಸರ್ವರ್ ಸತ್ತದ್ದಕ್ಕ ತಲಿ ಬಾಚ್ಕೊಳ್ಳೋ ಮೆಕ್ಯಾನಿಕ್ಕನ್ನ ಇವತ್ತ ನೋಡಿದೆ."

ಆಗಿದ್ದಿಷ್ಟ: ಸರ್ವರ್ ತನ್ನಷ್ಟಕ್ಕ ತಾನ ಅಪ್‌ಡೇಟ್ ಮಾಡಿಕೊಂಡು, ಆ ಕೆಟ್ಟ ಡ್ರೈವರನ್ನ ಮತ್ತ ಒಳಗ ಕರ್ಕೊಂಡಿತ್ತು. ಅದಕ್ಕ ಅಪ್‌ಡೇಟ್ ಬರೋ ಬಾಗಲಾ ಹಾಕಿ ಕೀಲಿ ಜಡಿದ್ರ ಮುಗೀತು. ಚಿಟಿಕಿ ಹೊಡದಷ್ಟರಾಗ ಆಗೋ ಕೆಲಸ. ನಾ ಮಧ್ಯಾನ ಊಟದತನಕಾ ಎಳದೆ. ಆಕಿ ಡಬ್ಬಿ ಬಿಚ್ಚಿದಾಗ ನೋಡಿದ್ರ ರೊಟ್ಟಿ ಇಬ್ಬರಿಗಾಗೋವಷ್ಟಿದ್ವು. ಸರ್ವರ್ ಬಿದ್ದದ್ದು ಮುಂಜಾನೆ. ರೊಟ್ಟಿ ಕಟ್ಟಿಕೊಂಡು ಬಂದದ್ದು ಅದಕ್ಕೂ ಮುಂಚೆ. ನಾ ನನ್ನ ಪಾಲಿನ ರೊಟ್ಟಿ ಮುರಕೊಂಡೆ.

ಕಂಪ್ಲೇಂಟ್ ಯಾರದು?

ಆಮ್ಯಾಲ ಖರೇನ ನಿಂತುಬಿಡ್ತು. ಮಾವಿನ ಹಂಗಾಮು ಮುಗೀತು, ಮಳಿ ಹತ್ತಿತು, ಫೋನ್ ಇಲ್ಲ. ಒಂದಿನ ತಡಕೊಳ್ಳಾಕಾಗದ ಬಸ್ ಹತ್ತಿ ಹೋದೆ. ಗೇಟಿನ ವಾಚ್‌ಮನ್ ನನ್ನ ಗುರುತಿನಾಂವ, ಆದ್ರ ಅವತ್ತು ಕೋಲು ಅಡ್ಡ ಹಾಕಿದ.

"ಕಂಪ್ಲೇಂಟ್ ಹೈ ಕ್ಯಾ?"

"ನಹೀಂ. ಸುಮ್ಮನ ನೋಡಿ ಹೋಗ್ತೀನಿ."

"ಸರ್ವರ್ ನಡೀತೈತಿ. ನಡಿಯೋದನ್ನ ನೋಡಾಕ ಯಾರರೆ ಬರ್ತಾರೇನು ಭಾಯ್?" ಅಂದ. ಮಾತು ಖರೇ ಇತ್ತು. ಕಂಪ್ಲೇಂಟ್ ಇಲ್ಲದ ರಿಪೇರಿದಾಂವನ್ನ ಒಳಗ ಬಿಟ್ರ ತನ್ನ ನೌಕರಿ ಹೋಗ್ತೈತಿ ಅಂತ ಅಂವ ಒಳಗ ಫೋನ್ ಮಾಡಿ ನನ್ನ ಕೈಗೆ ಕೊಟ್ಟ.

"ಹಲೋ," ಆಕಿ ದನಿ. "ಯಾಕ್ರಿ ಬಂದೀರಿ? ಕಂಪ್ಲೇಂಟ್ ಕೊಟ್ಟಿಲ್ಲಲ್ರಿ ನಾವು."

"ಈ ಸಲ ಕಂಪ್ಲೇಂಟ್ ನಂದ್ರಿ."

"ಏನಾಗೈತಿ?"

"ಕೆಲಸ ಮಾಡ್ಕೋಂತ ಮಾಡ್ಕೋಂತ ಒಮ್ಮಿಂದೊಮ್ಮೆ ನಿಂತುಬಿಡ್ತೀನ್ರಿ. ಉಂಡದ್ದು ರುಚಿ ಹತ್ತಂಗಿಲ್ಲ. ಮಂದಿ ಮಾತಾಡ್ಸಿದ್ರ ಭಾಳ ಹೊತ್ತಿನ ಮ್ಯಾಲ ಉತ್ತರಾ ಕೊಡ್ತೀನಿ."

ವಾಚ್‌ಮನ್ ನನ್ನ ಮಾರಿನ ನೋಡಾಕತ್ತಿದ್ದ. ಆಮ್ಯಾಲ ಆಕಿ, ಆಫೀಸಿನ ದನ್ಯಾಗ, ನಗಿ ಹಲ್ಲಾಗ ಕಚ್ಚಿ ಹಿಡಕೊಂಡು: "ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿದ್ರೇನ್ರಿ?"

ಕಾಚಿಗೂಡದಾಗ ಇಳದ ಕಲ್ಲು

ಅದ ಫೋನಿನಾಗ ಆಕಿ ಇನ್ನೊಂದು ಮಾತು ಹೇಳಿದ್ಲು. ರವಿವಾರ ತನ್ನ ಅವ್ವ ರಾಯಚೂರಿನಿಂದ ಬರ್ತಾಳ, ಕಾಚಿಗೂಡ ಸ್ಟೇಷನ್ನಿಗೆ ಹೋಗಬೇಕು, ಸಾಮಾನು ಭಾಳ ಇರ್ತೈತಿ, ಎತ್ತಾಕ ಒಬ್ಬರು ಬೇಕು ಅಂತ. ಎತ್ತೋ ಕೆಲಸ ನಂದಲ್ಲೇನು? ರೈಲು ಬರೂಕಿಂತ ಭಾಳ ಮೊದಲ ಹೋಗಿ, ಪ್ಲಾಟ್‌ಫಾರ್ಮಿನಾಗ ನಿಂತು, ಇಳಿಯೋ ಮಂದಿ ಕನ್ನಡ ಕಿವಿತುಂಬ ಕೇಳಿಕೋಂತ ನಿಂತಿದ್ದೆ.

ಅಷ್ಟೊತ್ತಿಗೆ ಆಕಿನೂ ಬಂದ್ಲು, ರೈಲಿನಿಂದ ಆಕಿ ಅವ್ವ ಇಳದ್ಲು. ಒಂದು ಚೀಲಾ ನನ್ನ ಕೈಗೆ ಬಂತು. ಎತ್ತಿದೆ, ಏಳಲಿಲ್ಲ. "ಏನ್ರಿ ಇದು?" ಅಂದೆ.

"ಖಾರಾ ಕುಟ್ಟೋ ಕಲ್ಲಪಾ. ಈ ಊರಾಗ ಕಲ್ಲು ಚಲೋ ಸಿಗಂಗಿಲ್ಲಂತ ಕೇಳೀನಿ."

ಊರೆಲ್ಲಾ ಬಂಡೆಗಲ್ಲಿನ ಗುಡ್ಡದ ಮ್ಯಾಲ ನಿಂತ ಹೈದರಾಬಾದಿಗೆ ಕಲ್ಲು ಹೊತ್ತು ತಂದಿದ್ಲು! ಹೆಗಲ ಮ್ಯಾಲ ಹಾಕ್ಕೊಂಡು ಸೇತುವೆ ಮೆಟ್ಟಲಾ ಹತ್ತಾಕತ್ತಿದೆ. ಅವ್ವ ನನ್ನ ಬಾಜೂಕ, ಮಗಳು ಎರಡು ಹೆಜ್ಜಿ ಮುಂದ. ನನ್ನನ್ನ ಮ್ಯಾಲಿಂದ ಕೆಳಗ ನೋಡಿ ಅವ್ವ ಮಗಳಿಗೆ ಕೇಳಿದ್ಲು, "ಯಾರವ್ವಾ ಇಂವ?"

"ನಮ್ಮ ಆಫೀಸಿನ ಸರ್ವರ್ ರಿಪೇರಿ ಮಾಡೋರಬೇ."

"ರಿಪೇರಿ ಆತೋ ಇಲ್ಲೋ?"

"ಆತಬೇ. ಭಾಳ ದಿನಾತು."

"ಮತ್ತ ಇನ್ನಾ ಯಾಕ ಬರ್ತಾನ?"

ಮಗಳು ಲಗೂಲಗೂ ಮೆಟ್ಟಲಾ ಹತ್ತಿದ್ಲು. ಉತ್ತರಾ ಕೊಡೋ ಪಾಳಿ ನನಗ ಬಂತು, ನಾ ಮೆಟ್ಟಲಾ ಎಣಸಾಕತ್ತಿದೆ.

"ಎಲ್ಲೀತನಕಾ ಓದೀದಿಪಾ?"

"ಇಂಜಿನಿಯರಿಂಗ್ ಸೇರಿದ್ನೆವ್ವಾ. ನಡುವ ಬಿಟ್ಟೀನಿ."

ಅವ್ವ ಮೆಟ್ಟಲಾ ನಡುವ ನಿಂತುಬಿಟ್ಲು. ನಾನೂ ನಿಂತೆ. ಹಿಂದ ಇಡೀ ರೈಲಿನ ಮಂದಿ ನಿಂತಿತು. ನನ್ನ ನೋಡಿದ್ಲು, ಮ್ಯಾಲ ಬೆನ್ನು ಮಾಡಿ ನಿಂತ ಮಗಳನ್ನ ನೋಡಿದ್ಲು, ಹೆಗಲ ಮ್ಯಾಲಿನ ಚೀಲಾ ನೋಡಿದ್ಲು.

"ನಡುವ ಬಿಡೋ ಚಾಳಿ ಐತಿ ಅನ್ನು."

"ಓದೋದೊಂದ ಬಿಟ್ಟೀನ್ರಿ. ಬ್ಯಾರೆ ಯಾವದೂ ಬಿಟ್ಟಿಲ್ಲ."

"ಹಂಗಾರ ಈ ಕಲ್ಲು ನಡುವ ಇಳಿಸಬಾರದು. ನಮ್ಮ ಮನಿತನಕಾ ಹೊರಬೇಕು. ಆದೀತೇನು?"

"ಹೊರ್ತೀನ್ರೆವ್ವಾ! ಇಲ್ಲಿಂದ ಶಂಶಾಬಾದಿಗೆ ಬಸ್ ಐತಿ, ಇಳದು..."

"ಶಂಶಾಬಾದಿನಾಗಿರೋದು ಮಗಳ ಖೋಲ್ಯಪಾ," ಅಂದ್ಲು ಅವ್ವ. "ನಮ್ಮ ಮನಿ ರಾಯಚೂರಾಗೈತಿ."

ಹಿಂದಿನ ಮಂದಿ "ಚಲೋ ಭಾಯ್, ಚಲೋ" ಅಂತ ಒದರಾಕತ್ತಿದ್ರು. ಮ್ಯಾಲ ನಿಂತಾಕಿ ಹೊಳ್ಳಿ ನೋಡಿದ್ಲು. ನಾ ಕಲ್ಲನ್ನ ಆ ಹೆಗಲಿಂದ ಈ ಹೆಗಲಿಗೆ ಹಾಕ್ಕೊಂಡು, "ಹೊಳ್ಳಿ ಹೋಗೋ ರೈಲು ಎಷ್ಟೊತ್ತಿಗೈತ್ರಿ?" ಅಂದೆ.